ಮೇಲಧಿಕಾರಿಯ ಕಾಟಕ್ಕೆ ಈಗಲೇ ಕೆಲಸ ಬಿಡುವುದೋ, ಇನ್ನೇಳು ತಿಂಗಳು ತಾಳುವುದೋ?

ಪ್ರಶ್ನೆ ಕೇಳಿದವರು: ವರದಾತೀರ

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯಲ್ಲಿರುವ ಒಂದು ಖಾಸಗಿ ಬ್ಯಾಂಕಿನ ಶಾಖೆಯಲ್ಲಿ ನಾನು ನಾಲ್ಕು ವರ್ಷ ಐದು ತಿಂಗಳಿನಿಂದ ಕೆಲಸ ಮಾಡುತ್ತಿದ್ದೇನೆ. ಬ್ಯಾಂಕಿನ ಹೆಸರು ಬರೆಯುವುದಿಲ್ಲ. ಮೆಣಸಿನಕಾಯಿ ವ್ಯಾಪಾರದ ಊರು ಎಂದರೆ ಈ ಭಾಗದವರಿಗೆ ಅರ್ಥವಾಗುತ್ತದೆ. ಹಂಗಾಮಿನ ದಿನಗಳಲ್ಲಿ ನಮ್ಮ ಕೌಂಟರಿಗೆ ಬರುವ ನೋಟಿಗೂ ಘಾಟು ಅಂಟಿರುತ್ತದೆ, ಎಣಿಸುವ ಯಂತ್ರ ಒಮ್ಮೆ ತಿರುಗಿತೆಂದರೆ ಕ್ಯಾಷಿಯರ್ ಸೀನುವುದಕ್ಕೆ ಶುರುಮಾಡುತ್ತಾರೆ. ಸೇರಿದ ಹೊಸತರಲ್ಲಿ ಈ ಕೆಲಸ ನನಗೆ ನಿಜವಾಗಿಯೂ ಇಷ್ಟವಾಗಿತ್ತು. ದಲಾಲರು, ಹಮಾಲರು, ಸುತ್ತಲಿನ ಹಳ್ಳಿಯ ರೈತರು ಎಲ್ಲರೂ ಹೆಸರು ಹಿಡಿದು ಮಾತನಾಡಿಸುತ್ತಿದ್ದರು.

ಎರಡು ವರ್ಷಗಳ ಹಿಂದೆ ನಮಗೆ ಹೊಸ ಏರಿಯಾ ಮ್ಯಾನೇಜರ್ ಬಂದರು, ಅವರ ಕಚೇರಿ ಹುಬ್ಬಳ್ಳಿಯಲ್ಲಿದೆ. ಅಂದಿನಿಂದ ಪ್ರತಿ ಸಂಜೆ ಏಳು ಕಾಲಿಗೆ ಕಾನ್ ಕಾಲ್ ಇರುತ್ತದೆ. ಹದಿನಾಲ್ಕು ಶಾಖೆಗಳವರು ಒಟ್ಟಿಗೆ ಫೋನಿನಲ್ಲಿರುತ್ತೇವೆ, ಅವರು ಒಬ್ಬೊಬ್ಬರ ಹೆಸರು ಕರೆಯುತ್ತಾರೆ, ನಾವು ಅಂದು ಎಷ್ಟು ಪಾಲಿಸಿ ಲಾಗಿನ್ ಆಯಿತು, ಎಷ್ಟು ಹೊಸ ಖಾತೆ ಆಯಿತು ಎಂದು ಹೇಳಬೇಕು. ಏನೂ ಆಗಿಲ್ಲದಿದ್ದರೆ ‘ಶೂನ್ಯ ಸರ್’ ಎಂದು ನಮ್ಮ ಬಾಯಿಂದಲೇ ಹೇಳಬೇಕು, ಅದೂ ಗಟ್ಟಿಯಾಗಿ. ಕಾರಣ ಹೇಳಲು ಹೋದರೆ ‘ಕಾರಣ ಬೇಡ, ಕಮಿಟ್‌ಮೆಂಟ್ ಹೇಳಿ’ ಎನ್ನುತ್ತಾರೆ. ಕರೆ ಮುಗಿದ ಐದು ನಿಮಿಷಕ್ಕೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಪಟ್ಟಿಯೊಂದು ಬೀಳುತ್ತದೆ, ಶೂನ್ಯದವರ ಹೆಸರಿಗೆ ಕೆಂಪು ಬಣ್ಣ ಬಳಿದಿರುತ್ತದೆ. ಮೊನ್ನೆ ಮೊನ್ನೆ ಸೇರಿದ ಹುಡುಗರೂ ಆ ಗುಂಪಿನಲ್ಲಿದ್ದಾರೆ.

ಬೈಗುಳವಷ್ಟೇ ಆಗಿದ್ದರೆ ಈ ಪ್ರಶ್ನೆಯನ್ನು ಬರೆಯುತ್ತಿರಲಿಲ್ಲವೇನೋ. ಕಳೆದ ವರ್ಷ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ, ಮೂರು ದಿನ ಸತತವಾಗಿ ಶೂನ್ಯ ಹೇಳಿದ ಮೇಲೆ, ಹತ್ತಿರದ ಹಳ್ಳಿಯ ಒಬ್ಬ ಅಜ್ಜಿ ಎರಡು ಲಕ್ಷ ರೂಪಾಯಿಯನ್ನು ಎಫ್‌ಡಿ ಇಡಲೆಂದು ಬಂದರು. ಹೊಲದ ಒಂದು ತುಂಡನ್ನು ಮಾರಿದ ಹಣ ಅದು. ನಾನು ಅದರಲ್ಲಿ ಒಂದು ಲಕ್ಷವನ್ನು ಹತ್ತು ವರ್ಷ ಕಂತು ಕಟ್ಟಬೇಕಾದ ವಿಮಾ ಪಾಲಿಸಿಗೆ ಹಾಕಿಸಿದೆ. ಸಹಿ ಮಾಡುವ ಮುಂಚೆ ಅಜ್ಜಿ, ‘ತಮ್ಮಾ, ಇದು ವರ್ಷಾ ವರ್ಷಾ ತುಂಬೂದೇನಲ್ಲಲಾ?’ ಎಂದು ಕೇಳಿದರು. ನಾನು ‘ಆಮ್ಯಾಲ ನೋಡೋಣ ಬಿಡ್ರಿ ಅಮ್ಮಾ’ ಎಂದೆ. ಆ ಸಂಜೆ ನನ್ನ ಹೆಸರು ಹಸಿರು ಬಣ್ಣದಲ್ಲಿತ್ತು. ಈ ವರ್ಷ ಎರಡನೇ ಕಂತಿನ ಸಂದೇಶ ಬಂದಾಗ ಅವರು ಮೊಮ್ಮಗನನ್ನು ಕರೆದುಕೊಂಡು ಶಾಖೆಗೆ ಬಂದಿದ್ದರು, ನಾನು ಊಟದ ನೆಪ ಹೇಳಿ ಹಿಂದಿನ ಕೋಣೆಯಲ್ಲಿ ಕುಳಿತಿದ್ದೆ.

ಈಗೀಗ ಭಾನುವಾರ ಮಧ್ಯಾಹ್ನದಿಂದಲೇ ಹೊಟ್ಟೆ ಹಿಂಡಿದಂತಾಗುತ್ತದೆ, ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ‘ಊಟವಾದ ಮೇಲೆ ನೀವು ಮನೆಯಲ್ಲಿದ್ದೂ ಇರುವುದಿಲ್ಲ’ ಎಂದು ಹೆಂಡತಿ ಹೇಳುತ್ತಾಳೆ. ಕೆಲಸ ಬಿಡುವ ಮನಸ್ಸಾಗಿದೆ. ಆದರೆ ಐದು ವರ್ಷ ತುಂಬಿದರೆ, ಕೆಲಸ ಬಿಡುವಾಗ ಸೇವೆಗಾಗಿ ಒಟ್ಟಿಗೆ ಕೊಡುವ ಗ್ರಾಚ್ಯುಟಿ ಹಣ ಬರುತ್ತದೆ, ಅದಕ್ಕೆ ಇನ್ನೂ ಏಳು ತಿಂಗಳು ಬೇಕು. ಮನೆ ಸಾಲದ ಕಂತೂ ಇದೆ. ನೋಟಿಸ್ ಅವಧಿ ತೊಂಬತ್ತು ದಿನ. ನಡುವೆ ಬಿಟ್ಟು ಹೋದವರಿಗೆ ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆಯಾದ ಪತ್ರ) ಕೊಡುವುದಿಲ್ಲ ಎಂಬ ಬೆದರಿಕೆಯೂ ಇದೆ. ಮೇಲಧಿಕಾರಿಯೊಬ್ಬರ ಕಾರಣಕ್ಕೆ ಕೆಲಸ ಬಿಡುವುದು ನನ್ನ ದೌರ್ಬಲ್ಯವೇ? ಬೇರೆ ಬ್ಯಾಂಕಿಗೆ ಹೋದರೂ ಇಂಥವರೇ ಸಿಕ್ಕರೆ ಏನು ಮಾಡುವುದು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಕೆಂಗೇರಿ ಉಪನಗರ

ಎಲ್ಲ ಕಡೆಯೂ ಇದೇ ಹಣೆಬರಹ ಸ್ವಾಮಿ. ನಾನು ಮೂರು ಕಂಪನಿ ಬದಲಿಸಿದೆ, ಮೂರು ಕಡೆಯೂ ಬಾಸ್‌ಗಳ ಹೆಸರು ಬದಲಾಯಿತೇ ಹೊರತು ಧ್ವನಿ ಬದಲಾಗಲಿಲ್ಲ. ಸಂಬಳ ಕೊಡುವುದೇ ಬೈಸಿಕೊಳ್ಳುವುದಕ್ಕೆ ಎಂದು ತಿಳಿದುಕೊಂಡು, ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟುಬಿಡಿ. ಏಳು ತಿಂಗಳು ಎಂದರೆ ಎಷ್ಟರ ಮಾತು?

ಉತ್ತರ: ನಿವೃತ್ತ ಮುನೀಮ

ವರದಾತೀರ ಅವರೇ, ನಾನು ಸಾರ್ವಜನಿಕ ರಂಗದ ಬ್ಯಾಂಕೊಂದರಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಕೊನೆಯ ಆರು ವರ್ಷ ಪ್ರಾದೇಶಿಕ ಕಚೇರಿಯಲ್ಲಿದ್ದು ನಿವೃತ್ತನಾದವನು. ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಯೋಗ್ಯತೆ ನನಗಿರುವುದು ನಾನು ನಿಮ್ಮಂತೆ ಅನುಭವಿಸಿದವನೆಂಬ ಕಾರಣಕ್ಕಲ್ಲ, ಫೋನಿನ ಆ ತುದಿಯಲ್ಲಿ ಕುಳಿತು ಹೆಸರು ಕರೆಯುತ್ತಿದ್ದವನು ನಾನೇ ಆಗಿದ್ದೆ ಎಂಬ ಕಾರಣಕ್ಕೆ.

ಗುರಿ ಕೊಡುವುದು ಬ್ಯಾಂಕಿನಲ್ಲಿ ಇಂದು ನಿನ್ನೆಯದಲ್ಲ. 1928ರಲ್ಲಿ ಉಡುಪಿಯಲ್ಲಿ ಪಿಗ್ಮಿ ಠೇವಣಿ ಆರಂಭವಾದಾಗಲೂ, ದಿನಕ್ಕೆ ಎರಡಾಣೆಯಂತೆ ಮನೆ ಮನೆಯಿಂದ ಸಂಗ್ರಹಿಸುವವನಿಗೆ ಲೆಕ್ಕ ಒಪ್ಪಿಸುವ ಸಂಜೆಯೊಂದು ಇದ್ದೇ ಇತ್ತು. ಆದರೆ ಅವನು ಸಂಗ್ರಹಿಸುತ್ತಿದ್ದುದು ಜನರಿಗೆ ಬೇಕಾದದ್ದನ್ನು. ನಮ್ಮ ಕಾಲದಲ್ಲಿ ಚಿತ್ರ ಬದಲಾದದ್ದು, ನಾನು ಕಂಡಂತೆ, 2000–01ರ ಸ್ವಯಂ ನಿವೃತ್ತಿ ಯೋಜನೆಯ ನಂತರ. ಆ ಒಂದು ಸುತ್ತಿನಲ್ಲೇ ದೇಶದ ಸರ್ಕಾರಿ ಬ್ಯಾಂಕುಗಳಿಂದ ಒಂದು ಲಕ್ಷಕ್ಕೂ ಹೆಚ್ಚು ನೌಕರರು ಹೊರಗೆ ಹೋದರು. ಕೆಲಸ ಮಾತ್ರ ಹೋಗಲಿಲ್ಲ, ಉಳಿದವರ ಮೇಜಿಗೆ ಬಂತು. ಅದರ ಮೇಲೆ ವಿಮೆ, ಮ್ಯೂಚುವಲ್ ಫಂಡ್, ಕ್ರೆಡಿಟ್ ಕಾರ್ಡ್ ಎಲ್ಲವೂ ಒಂದೊಂದಾಗಿ ಬಂದು ಕುಳಿತವು. ಠೇವಣಿ ಕೇಳಿಕೊಂಡು ಬಂದವನ ಕೈಗೆ ಅವನು ಕೇಳದ ವಸ್ತುವನ್ನು ಕೊಡುವುದೇ ವ್ಯವಹಾರವಾಯಿತು.

ನನ್ನ ಮೇಲೊಬ್ಬ ಮಹಾಪ್ರಬಂಧಕರಿದ್ದರು, ಅವರ ಮೇಲೆ ಮುಂಬಯಿ ಇತ್ತು. ಬೆಳಿಗ್ಗೆ ನನಗೆ ಬಿದ್ದದ್ದನ್ನು ಸಂಜೆ ನಾನು ಕೆಳಗೆ ದಾಟಿಸುತ್ತಿದ್ದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನಮ್ಮಲ್ಲಿ ಅದು ಒಂದೇ ದಿನದಲ್ಲಿ ಆಗಿಹೋಗುತ್ತಿತ್ತು. ನಾನು ಕೆಟ್ಟವನೆಂದು ನನಗೆ ಒಂದು ದಿನವೂ ಅನಿಸಿರಲಿಲ್ಲ. ‘ಹತ್ತು ಜನರ ಎದುರು ಹೇಳಿದರೆ ನಾಟುತ್ತದೆ’ ಎಂಬುದೇ ನನ್ನ ನಂಬಿಕೆಯಾಗಿತ್ತು, ಹಾಗೆ ಹೇಳಿದ ಮರುದಿನ ಅಂಕಿ ಸ್ವಲ್ಪ ಏರುತ್ತಲೂ ಇತ್ತು. ಅದು ಹೇಗೆ ಏರುತ್ತಿತ್ತು ಎಂಬುದನ್ನು ನಾನು ವಿಚಾರಿಸಲಿಲ್ಲ. ನಿಮ್ಮ ಅಜ್ಜಿಯ ಕಥೆಯನ್ನು ಓದುವಾಗ, ಅಂಥ ಎಷ್ಟು ಅಜ್ಜಿಯರು ನನ್ನ ಪಟ್ಟಿಯ ಹಸಿರು ಬಣ್ಣದ ಹಿಂದೆ ಇದ್ದರೋ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.

ಒಂದೇ ವರ್ಷದಲ್ಲಿ ನನ್ನ ಕೈಕೆಳಗಿನ ಮೂವರು ಕೆಲಸ ಬಿಟ್ಟರು. ಸರ್ಕಾರಿ ಬ್ಯಾಂಕಿನ ಅಧಿಕಾರಿ ಹುದ್ದೆಯನ್ನು, ಅದೂ ಎರಡು ಮಕ್ಕಳಿರುವವರು ಬಿಡುವುದೆಂದರೆ ಸಾಮಾನ್ಯ ಸಂಗತಿಯಲ್ಲ. ಒಬ್ಬರು ತಂದೆಯ ಅನಾರೋಗ್ಯ ಎಂದು ಬರೆದರು, ಇನ್ನೊಬ್ಬರು ತೋಟ ನೋಡಿಕೊಳ್ಳಬೇಕು ಎಂದರು, ಮೂರನೆಯವರು ವೈಯಕ್ತಿಕ ಕಾರಣ ಎಂದರು. ಮೂರನ್ನೂ ನಾನು ನಂಬಿ, ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿದೆ.

ನಿವೃತ್ತಿಯಾಗಿ ಎರಡು ವರ್ಷಕ್ಕೆ ಶಿರಸಿಯಲ್ಲೊಂದು ಮದುವೆಗೆ ಹೋಗಿದ್ದೆ. ತೋಟದ ಕಾರಣ ಹೇಳಿ ಹೋದವರು ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಸಿಕ್ಕರು. ಸಂತೋಷವಾಗಿಯೇ ಮಾತನಾಡುತ್ತಿದ್ದರು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರದೋ ಮೊಬೈಲ್ ಬಡಿದುಕೊಂಡಿತು, ಹಳೆಯ ನೋಕಿಯಾ ಫೋನಿನ ಗಂಟೆಯಂಥ ಒಂದು ಸದ್ದು. ಅವರ ಕೈ ಸಾರನ್ನ ಕಲಸುತ್ತಿದ್ದುದು ಹಾಗೆಯೇ ನಿಂತಿತು. ಎಲೆಯ ಮೇಲೆ ಬೆರಳು ಊರಿಕೊಂಡು, ಸದ್ದು ನಿಲ್ಲುವವರೆಗೆ ತಲೆ ಎತ್ತಲಿಲ್ಲ. ಏನಾಯಿತೆಂದು ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು, ‘ಏನಿಲ್ಲ ಸರ್, ಆಗ ನಿಮ್ಮ ನಂಬರಿಗೆ ಬೇರೆ ರಿಂಗ್‌ಟೋನ್ ಇಟ್ಟುಕೊಂಡಿದ್ದೆ, ಮನೆಯಲ್ಲಿ ಮಕ್ಕಳ ಎದುರು ಎತ್ತಬಾರದು ಅಂತ’ ಎಂದರು. ಬಡಿಸುವವರು ಅಷ್ಟರಲ್ಲಿ ಪಾಯಸ ತಂದರು.

ಆದ್ದರಿಂದ ಕೆಂಗೇರಿಯವರು ಹೇಳುವ ‘ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವ’ ವಿದ್ಯೆಯನ್ನು ನಾನು ನಂಬುವುದಿಲ್ಲ. ಇದು ನಿಮ್ಮ ದೌರ್ಬಲ್ಯವಲ್ಲ. ನಿಮ್ಮ ಏರಿಯಾ ಮ್ಯಾನೇಜರ್ ರಾಕ್ಷಸರೂ ಆಗಿರಲಿಕ್ಕಿಲ್ಲ, ನಾನಿದ್ದಂತೆ ಇರಬಹುದು. ಆದರೆ ಅವರ ಕಷ್ಟವನ್ನು ಅರ್ಥಮಾಡಿಕೊಂಡು ಅವರ ಕೈಕೆಳಗೇ ಇರಬೇಕೆಂಬ ಋಣವೇನೂ ನಿಮಗಿಲ್ಲ. ಒಂದು ಪ್ರಯತ್ನ ಮಾಡಿ ನೋಡಬಹುದು: ಕರೆಯಲ್ಲಲ್ಲ, ಹುಬ್ಬಳ್ಳಿಗೆ ಹೋಗಿ, ಒಬ್ಬರೇ ಇರುವಾಗ, ‘ಅಂಕಿ ಕೇಳಿ ಸರ್, ಕೊಡುತ್ತೇನೆ; ಗುಂಪಿನಲ್ಲಿ ಬೇಡ’ ಎಂದು ಹೇಳಿ. ನನ್ನ ಬಳಿ ಯಾರೂ ಹಾಗೆ ಬಂದು ಹೇಳಲಿಲ್ಲ. ಬಂದಿದ್ದರೆ ಕೇಳುತ್ತಿದ್ದೆನೇ ಎಂದು ಪ್ರಾಮಾಣಿಕವಾಗಿ ಪ್ರಶ್ನಿಸಿಕೊಂಡರೆ, ಅರ್ಧದಷ್ಟು ಸಾಧ್ಯತೆ ಇತ್ತು ಎನ್ನಬಲ್ಲೆ.

ಉತ್ತರ: ಹೊರಬಾಗಿಲು

ಮುನೀಮ ಸರ್ ಅವರ ‘ಮೂರನ್ನೂ ನಂಬಿದೆ’ ಎಂಬ ಮಾತಿನಿಂದಲೇ ಆರಂಭಿಸುತ್ತೇನೆ. ನಾನು ಬೆಂಗಳೂರಿನಲ್ಲಿ ಒಂದು ಸಾಫ್ಟ್‌ವೇರ್ ಸೇವಾ ಕಂಪನಿಯ ಎಚ್‌ಆರ್ ವಿಭಾಗದಲ್ಲಿ ಒಂಬತ್ತು ವರ್ಷ ಇದ್ದೆ, ಅದರಲ್ಲಿ ನಾಲ್ಕು ವರ್ಷ ನನ್ನ ಮುಖ್ಯ ಕೆಲಸವೇ ಎಕ್ಸಿಟ್ ಇಂಟರ್‌ವ್ಯೂ, ಅಂದರೆ ಕೆಲಸ ಬಿಟ್ಟು ಹೋಗುವವರನ್ನು ಕೂರಿಸಿ ಕಾರಣ ಕೇಳುವುದು. ನಮ್ಮ ನಮೂನೆಯಲ್ಲಿ ಕೆಲಸ ಬಿಡುವ ಕಾರಣಗಳ ಪಟ್ಟಿಯೊಂದಿತ್ತು: ಉತ್ತಮ ಅವಕಾಶ, ಉನ್ನತ ವ್ಯಾಸಂಗ, ಮದುವೆ ಅಥವಾ ಊರು ಬದಲಾವಣೆ, ಆರೋಗ್ಯ, ಇತರೆ. ಮ್ಯಾನೇಜರ್ ಎಂಬ ಪದ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಇದ್ದಿದ್ದರೂ ಯಾರೂ ಅದನ್ನು ಆರಿಸುತ್ತಿರಲಿಲ್ಲ, ಏಕೆಂದರೆ ಮುಂದಿನ ಕಂಪನಿಯವರು ಹಿನ್ನೆಲೆ ವಿಚಾರಿಸಲು ಫೋನ್ ಮಾಡುವುದು ಅದೇ ಮ್ಯಾನೇಜರಿಗೆ. ನಮೂನೆ ತುಂಬಿ, ಐಡಿ ಕಾರ್ಡ್ ಒಪ್ಪಿಸಿ, ಬಾಗಿಲ ತನಕ ಹೋಗಿ, ಅಲ್ಲಿಂದ ತಿರುಗಿ ಬಂದು ‘ಮೇಡಂ, ಬರೆದುಕೊಳ್ಳಬೇಡಿ, ಸುಮ್ಮನೆ ಹೇಳುತ್ತೇನೆ’ ಎಂದು ಶುರುಮಾಡಿದವರೇ ನಿಜ ಹೇಳಿದವರು. ತಿಂಗಳ ವರದಿಗೆ ಮಾತ್ರ ‘ಉತ್ತಮ ಅವಕಾಶ’ವೇ ಹೋಗುತ್ತಿತ್ತು, ಅದನ್ನು ನೋಡಿ ಆಡಳಿತ ಮಂಡಳಿಯವರು ಸಂಬಳ ಕಡಿಮೆಯಾಗಿರಬಹುದು ಎಂದು ಚರ್ಚಿಸುತ್ತಿದ್ದರು.

ಇದು ನಮ್ಮೂರಿನ ರೋಗ ಮಾತ್ರವಲ್ಲ. ಅಮೆರಿಕದ ಗ್ಯಾಲಪ್ ಸಂಸ್ಥೆ ಅಲ್ಲಿನ ಏಳು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಕೇಳಿ 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಇಬ್ಬರಲ್ಲಿ ಒಬ್ಬರು ತಮ್ಮ ವೃತ್ತಿಜೀವನದಲ್ಲಿ ಒಮ್ಮೆಯಾದರೂ ಮ್ಯಾನೇಜರ್‌ನಿಂದ ತಪ್ಪಿಸಿಕೊಳ್ಳುವುದಕ್ಕಾಗಿಯೇ ಕೆಲಸ ಬಿಟ್ಟಿದ್ದಾರೆ. ಗೂಗಲ್ ಕಂಪನಿಯೊಳಗೆ, ಮ್ಯಾನೇಜರ್‌ಗಳಿಂದ ಅಂಥ ವ್ಯತ್ಯಾಸವೇನೂ ಆಗುವುದಿಲ್ಲ ಎಂದು ತೋರಿಸುವುದಕ್ಕೆಂದು ಹೊರಟ ‘ಪ್ರಾಜೆಕ್ಟ್ ಆಕ್ಸಿಜನ್’ ಎಂಬ ಅಧ್ಯಯನ ಅದಕ್ಕೆ ವಿರುದ್ಧವಾದದ್ದನ್ನೇ ಕಂಡುಕೊಂಡಿತು. ಒಳ್ಳೆಯ ಮ್ಯಾನೇಜರ್‌ನ ಎಂಟು ಗುಣಗಳ ಪಟ್ಟಿಯಲ್ಲಿ ತಾಂತ್ರಿಕ ಪರಿಣತಿಗೆ ಕೊನೆಯ ಸ್ಥಾನ ಸಿಕ್ಕಿತು. ನಮ್ಮಲ್ಲಿ ಬಡ್ತಿ ಕೊಡುವುದು ಆ ಕೊನೆಯ ಗುಣವನ್ನು ನೋಡಿಯೇ. ಚೆನ್ನಾಗಿ ಕೋಡ್ ಬರೆಯುವವನನ್ನು ಹನ್ನೆರಡು ಜನರ ಮೇಲೆ ಕೂರಿಸುತ್ತೇವೆ, ಚೆನ್ನಾಗಿ ಪಾಲಿಸಿ ಮಾರಿದವನನ್ನು ಹದಿನಾಲ್ಕು ಶಾಖೆಗಳ ಮೇಲೆ ಕೂರಿಸುತ್ತೇವೆ. ‘ಜನ ಬಿಡುವುದು ಕಂಪನಿಯನ್ನಲ್ಲ, ಬಾಸನ್ನು’ ಎಂಬ ಜನಪ್ರಿಯ ಮಾತು ನನಗೆ ಅರ್ಧ ಸತ್ಯವಾಗಿ ಕಾಣುವುದು ಈ ಕಾರಣಕ್ಕೆ. ಆ ಬಾಸನ್ನು ಕೂರಿಸಿದ್ದು ಕಂಪನಿಯೇ ತಾನೇ?

ಹೊಟ್ಟೆ ಹಿಂಡುವುದನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. ಲಂಡನ್ನಿನಲ್ಲಿ 1985ರಿಂದ ಹತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರನ್ನು ಹಿಂಬಾಲಿಸಿ ನಡೆಸಿದ ವೈಟ್‌ಹಾಲ್ ಅಧ್ಯಯನದ ಎರಡನೇ ಹಂತದಲ್ಲಿ, ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದವರಲ್ಲಿ ಹೃದ್ರೋಗದ ಪ್ರಮಾಣ ಹೆಚ್ಚು ಎಂದು ಕಂಡುಬಂತು. ಕೆಲಸ ಎಷ್ಟಿದೆ ಎಂಬುದರ ಜೊತೆಗೇ, ಆ ಕೆಲಸವನ್ನು ಹೇಗೆ ಮಾಡಬೇಕೆಂದು ನಿರ್ಧರಿಸಲು ನಿಮಗೆ ಎಷ್ಟು ಅವಕಾಶವಿದೆ ಎಂಬುದೂ ಮೈಗೆ ತಿಳಿಯುತ್ತದೆ. ನೀವು ಬರೆದದ್ದನ್ನು ಇನ್ನೊಮ್ಮೆ ಓದಿಕೊಳ್ಳಿ. ಸಂಜೆ ಎಂಟರವರೆಗೆ ಕೆಲಸ ಮಾಡಬೇಕೆಂದು ನೀವು ಎಲ್ಲಿಯೂ ದೂರಿಲ್ಲ. ಅಜ್ಜಿಗೆ ನಿಜ ಹೇಳುವ ಸ್ವಾತಂತ್ರ್ಯವನ್ನು ಕಳೆದುಕೊಂಡದ್ದೇ ನಿಮ್ಮ ನಿದ್ದೆ ಕೆಡಿಸಿದೆ ಎಂದು ನನಗನ್ನಿಸುತ್ತದೆ. ಹಾಗಾಗಿ ಮುಂದಿನ ಕೆಲಸ ಹುಡುಕುವಾಗ ‘ಬಾಸ್ ಹೇಗೆ?’ ಎಂದು ವಿಚಾರಿಸುವುದಕ್ಕಿಂತ, ಗ್ರಾಹಕನಿಗೆ ಬೇಡವಾದದ್ದನ್ನು ಮಾರದಿದ್ದರೆ ಅಲ್ಲಿ ಏನಾಗುತ್ತದೆ ಎಂಬುದನ್ನು ಒಳಗಿರುವವರಿಂದ ತಿಳಿದುಕೊಳ್ಳಿ. ಬಾಸ್ ವರ್ಗವಾಗಿ ಹೋಗುತ್ತಾರೆ, ಆ ಪದ್ಧತಿ ಹೋಗುವುದಿಲ್ಲ.

ನಿದ್ದೆಯ ವಿಷಯಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಗ್ರಾಚ್ಯುಟಿ ಏಳು ತಿಂಗಳು ಕಾಯಬಹುದು, ಇದು ಕಾಯಬಾರದು.

ಉತ್ತರ: ಬೊಮ್ಮನಹಳ್ಳಿ ಲೈನ್ 6

ಎಲ್ಲರೂ ಓದಿದವರು ಮಾತನಾಡುತ್ತಿದ್ದೀರಿ, ನಾನೂ ಒಂದು ಮಾತು ಸೇರಿಸುತ್ತೇನೆ. ಹೊಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಹನ್ನೊಂದು ವರ್ಷ ಟೈಲರ್ ಆಗಿದ್ದೆ. ನಿಮಗೆ ಸಂಜೆ ಏಳು ಕಾಲಿಗೆ ಒಮ್ಮೆ ಹೆಸರು ಕರೆಯುತ್ತಾರೆ. ನಮ್ಮಲ್ಲಿ ಗಂಟೆಗೊಮ್ಮೆ ಬೋರ್ಡಿನ ಮೇಲೆ ಪೀಸ್ ಎಷ್ಟಾಯಿತೆಂದು ಬರೆಯುತ್ತಾರೆ, ಕಡಿಮೆಯಾದರೆ ಸೂಪರ್‌ವೈಸರ್ ಬಂದು ಮೆಷಿನ್ ಪಕ್ಕದಲ್ಲೇ ನಿಂತು, ಸುತ್ತಲಿನ ನಲವತ್ತು ಜನರಿಗೆ ಕೇಳುವಂತೆ ಬೈಯುತ್ತಾನೆ. ಅವನು ಬೈಯುವಾಗಲೂ ಕಾಲು ಪೆಡಲಿನ ಮೇಲೆಯೇ ಇರಬೇಕು, ನಿಲ್ಲಿಸಿದರೆ ಅದಕ್ಕೆ ಮತ್ತೊಂದು ಬೈಗುಳ.

ನಮ್ಮಲ್ಲಿ ಕೆಲಸ ಬಿಡುವುದು ದೊಡ್ಡ ತೀರ್ಮಾನವೇ ಅಲ್ಲ, ಒಂದು ಫ್ಯಾಕ್ಟರಿ ಬಿಟ್ಟು ಪಕ್ಕದ ಫ್ಯಾಕ್ಟರಿಗೆ ಹೋಗುತ್ತೇವೆ. ರಜೆ ಕೊಡದಿದ್ದರೆ, ಸೂಪರ್‌ವೈಸರ್ ಅತಿಮಾಡಿದರೆ, ಊರಿನಲ್ಲಿ ಹೆರಿಗೆಯೋ ಸಾಲವೋ ಬಂದರೆ, ಬಿಟ್ಟು ಪಿಎಫ್ ತೆಗೆದುಕೊಳ್ಳುವುದೇ ನಮಗಿದ್ದ ದಾರಿ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ತಂದಾಗ, ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಮೆಷಿನ್ ಬಿಟ್ಟು ಬೊಮ್ಮನಹಳ್ಳಿಯಿಂದ ಪೀಣ್ಯದವರೆಗೆ ರಸ್ತೆಗಿಳಿದದ್ದು ಅದಕ್ಕೇ. ಯಾವ ನಾಯಕರೂ ಕರೆದಿರಲಿಲ್ಲ. ಎರಡನೇ ದಿನವೇ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಹೊರಗಿನವರು ಅದನ್ನು ಪಿಎಫ್ ಗಲಾಟೆ ಎಂದು ಕರೆದರು. ಬೇಡವೆನಿಸಿದಾಗ ಎದ್ದು ಹೋಗುವ ಬಾಗಿಲನ್ನೇ ಮುಚ್ಚುತ್ತಾರೆ ಎಂಬ ಸಿಟ್ಟು ನಮ್ಮದಾಗಿತ್ತು.

ಆದರೆ ಹೀಗೆ ಬಿಟ್ಟು ಬಿಟ್ಟು ಹೋಗಿ ಕಳೆದುಕೊಂಡವರೂ ನಾವೇ. ಹನ್ನೊಂದು ವರ್ಷದಲ್ಲಿ ನಾನು ಮೂರು ಸಲ ರಾಜೀನಾಮೆ ಕೊಟ್ಟು ಮತ್ತೆ ಸೇರಿದ್ದೇನೆ, ಒಮ್ಮೆಯೂ ಐದು ವರ್ಷ ಸತತವಾಗಿ ತುಂಬಲಿಲ್ಲ, ಒಂದು ರೂಪಾಯಿ ಗ್ರಾಚ್ಯುಟಿ ಕೈಗೆ ಬರಲಿಲ್ಲ. ಸೂಪರ್‌ವೈಸರ್ ಬೈದು ಓಡಿಸಿದಷ್ಟೂ ಮಾಲೀಕರಿಗೆ ಉಳಿತಾಯವೇ ಆಯಿತು ಎಂಬುದು ಆಮೇಲೆ ಹೊಳೆಯಿತು. ತಮ್ಮಾ, ಸಿಟ್ಟಿನಲ್ಲಿ ಬಿಡಬೇಡ. ಬಿಡುವ ದಿನವನ್ನು ನೀನೇ ಗೊತ್ತುಮಾಡಿ ಬಿಡು.

ಉತ್ತರ: ಧಾರವಾಡದ ವಕೀಲ

ಭಾವನೆಯ ಭಾಗವನ್ನು ಉಳಿದವರು ನನಗಿಂತ ಚೆನ್ನಾಗಿ ಹೇಳಿದ್ದಾರೆ, ನಾನು ಕಾಗದಪತ್ರದ ಭಾಗಕ್ಕೆ ಸೀಮಿತವಾಗುತ್ತೇನೆ.

ಗ್ರಾಚ್ಯುಟಿಯ ಲೆಕ್ಕ ಸರಳವಾಗಿದೆ: ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೊತ್ತವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಉದಾಹರಣೆಗೆ ಆ ವೇತನ 26,000 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 15,000, ಐದು ವರ್ಷಕ್ಕೆ 75,000 ರೂಪಾಯಿ ಆಗುತ್ತದೆ. ಏಳು ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 10,700. ನಿಮ್ಮ ವೇತನ ಹಾಕಿ ಇದೇ ಲೆಕ್ಕ ಮಾಡಿ, ತಿಂಗಳಿಗೆ ಅಷ್ಟು ಹಣಕ್ಕೆ ಆ ಸಂಜೆಯ ಕರೆಯನ್ನು ಸಹಿಸಬಹುದೇ ಎಂದು ನೀವೂ ನಿಮ್ಮ ಮನೆಯವರೂ ಕುಳಿತು ನಿರ್ಧರಿಸಿ. ಇನ್ನೊಂದು ಸಂಗತಿಯಿದೆ. ನೋಟಿಸ್ ಅವಧಿಯಲ್ಲಿ ನೀವು ಸೇವೆಯಲ್ಲಿಯೇ ಇರುತ್ತೀರಿ, ಆದ್ದರಿಂದ ನೀವು ತಾಳಬೇಕಾದದ್ದು ಏಳು ತಿಂಗಳಲ್ಲ, ನಾಲ್ಕು ತಿಂಗಳು ಕಳೆದ ಮೇಲೆ ರಾಜೀನಾಮೆ ಪತ್ರ ಕೊಟ್ಟರೆ ಉಳಿದ ಮೂರು ತಿಂಗಳು ನೋಟಿಸಿನಲ್ಲಿ ಕಳೆಯುತ್ತದೆ. ಬ್ಯಾಂಕಿನವರು ಬೇಗ ಬಿಡುಗಡೆ ಮಾಡಿಬಿಟ್ಟರೆ ದಿನಾಂಕ ತಪ್ಪುತ್ತದೆ, ಹಾಗಾಗಿ ಕೆಲವು ದಿನ ಕೈಯಲ್ಲಿಟ್ಟುಕೊಂಡು ಪತ್ರ ಕೊಡಿ.

ತೊಂಬತ್ತು ದಿನ ದುಡಿಯಲೇಬೇಕೆಂದು ಯಾವ ನ್ಯಾಯಾಲಯವೂ ನಿಮ್ಮನ್ನು ಕುರ್ಚಿಗೆ ಕಟ್ಟಿಹಾಕುವುದಿಲ್ಲ. ವೈಯಕ್ತಿಕ ಸೇವೆಯ ಕರಾರನ್ನು ಬಲವಂತವಾಗಿ ನಡೆಸುವಂತಿಲ್ಲ ಎಂಬುದು ನಮ್ಮ ಕಾನೂನಿನಲ್ಲಿ ಹಳೆಯ ಮಾತು. ಆದರೆ ಕರಾರಿನಂತೆ ಉಳಿದ ದಿನಗಳ ಸಂಬಳವನ್ನು ಅವರು ನಿಮ್ಮಿಂದ ವಸೂಲು ಮಾಡಬಹುದು. ಸೇರುವಾಗ ಬಾಂಡ್ (ಇಷ್ಟು ವರ್ಷ ತುಂಬುವ ಮುಂಚೆ ಬಿಟ್ಟರೆ ಇಷ್ಟು ಹಣ ಕಟ್ಟುತ್ತೇನೆ ಎಂಬ ಕರಾರು) ಬರೆದುಕೊಟ್ಟಿದ್ದರೆ ಅದನ್ನೂ ತೆಗೆದು ಓದಿ. ಬಾಂಡ್ ಎಂದರೆ ಕಸದ ಬುಟ್ಟಿಗೆ ಹಾಕುವ ಕಾಗದ ಎಂದು ಅನೇಕರು ತಿಳಿದಿದ್ದಾರೆ. ಮಂಗಳೂರಿನಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮುಂಚೆ ಕೆಲಸ ಬಿಟ್ಟ ಪ್ರಕರಣದಲ್ಲಿ, ಎರಡು ಲಕ್ಷ ರೂಪಾಯಿಯ ಬಾಂಡ್ ಸಿಂಧು ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಅದು ಕರಾರು ಕಾಯ್ದೆಯ 27ನೇ ಕಲಮಿನ ಅಡಿಯಲ್ಲಿ ವೃತ್ತಿಗೆ ಒಡ್ಡಿದ ತಡೆಯಾಗುವುದಿಲ್ಲ ಎಂಬುದು ನ್ಯಾಯಾಲಯದ ನಿಲುವು. ಸಾರ್ವಜನಿಕ ಬ್ಯಾಂಕಿನ ನೇಮಕಾತಿಗೆ ತಗಲುವ ಖರ್ಚನ್ನು ಅಲ್ಲಿ ಮುಖ್ಯವಾಗಿ ಪರಿಗಣಿಸಲಾಗಿದೆ, ಹೀಗಾಗಿ ಅದನ್ನು ನಿಮ್ಮ ಖಾಸಗಿ ಬ್ಯಾಂಕಿಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ.

ಬಾಕಿ ಸಂಬಳದ ಬಗ್ಗೆ: 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ, ರಾಜೀನಾಮೆ ಕೊಟ್ಟು ಹೋದವರಿಗೂ ಎರಡು ಕೆಲಸದ ದಿನಗಳೊಳಗೆ ವೇತನ ಪಾವತಿಸಬೇಕು. ಗ್ರಾಚ್ಯುಟಿಗೆ ಮೂವತ್ತು ದಿನಗಳ ಗಡುವು ಇದೆ. ಪಿಎಫ್ ಅನ್ನು ತೆಗೆಯದೆ ಹೊಸ ಕಡೆಗೆ ವರ್ಗಾಯಿಸಿಕೊಳ್ಳಿ. ರಾಜೀನಾಮೆ ಪತ್ರದಲ್ಲಿ ಏರಿಯಾ ಮ್ಯಾನೇಜರ್ ಬಗ್ಗೆ ಒಂದಕ್ಷರವೂ ಬೇಡ. ದೂರು ಕೊಡುವುದಿದ್ದರೆ ಅದಕ್ಕಿಂತ ಮುಂಚೆ, ಬೇರೆಯದೇ ಪತ್ರದಲ್ಲಿ ಕೊಡಿ. ಆ ಕೆಂಪು ಪಟ್ಟಿಗಳಲ್ಲಿ ನಿಮ್ಮ ಹೆಸರಿರುವ ಸಾಲುಗಳನ್ನು ಇಟ್ಟುಕೊಳ್ಳಿ, ಗ್ರಾಹಕರ ವಿವರವಿರುವ ಯಾವುದನ್ನೂ ಸ್ವಂತ ಮೊಬೈಲಿಗೆ ತಂದುಕೊಳ್ಳಬೇಡಿ.

ಅಜ್ಜಿಯ ವಿಷಯ. ಪಾಲಿಸಿ ಬೇಡವೆಂದು ಹಿಂದಿರುಗಿಸುವ ಮೂವತ್ತು ದಿನಗಳ ಅವಧಿ ಮುಗಿದಿದೆ. ಆದರೂ ಸುಳ್ಳು ಹೇಳಿ ಮಾರಲಾಗಿದೆ ಎಂದು ವಿಮಾ ಕಂಪನಿಗೆ ಬರಹದಲ್ಲಿ ದೂರು ಕೊಡಬಹುದು, ಅಲ್ಲಿ ನ್ಯಾಯ ಸಿಗದಿದ್ದರೆ ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ, ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರ (ಇನ್ಶೂರೆನ್ಸ್ ಓಂಬುಡ್ಸ್‌ಮನ್) ಬಳಿಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ದೂರಿನಲ್ಲಿ ಮಾರಿದವರ ಹೆಸರು ಬರುತ್ತದೆ, ಅಂದರೆ ನಿಮ್ಮದೇ ಹೆಸರು. ಇದನ್ನು ತಿಳಿದೇ ಹೆಜ್ಜೆ ಇಡಿ.

ಪ್ರತಿಕ್ರಿಯೆ: ವರದಾತೀರ

ಎಲ್ಲರಿಗೂ ವಂದನೆಗಳು. ಎರಡು ವಾರ ಉತ್ತರಿಸದೇ ಇದ್ದುದಕ್ಕೆ ಕ್ಷಮೆಯಿರಲಿ, ನಡುವೆ ಎರಡು ಮೂರು ಕೆಲಸ ಆದವು.

ಮುನೀಮ ಸರ್, ನೀವು ಹೇಳಿದಂತೆ ಹುಬ್ಬಳ್ಳಿಗೆ ಹೋಗಿ ಒಬ್ಬರೇ ಇದ್ದಾಗ ಮಾತನಾಡಿದೆ. ಅವರು ಕುಳಿತುಕೊಳ್ಳಲು ಹೇಳಿ, ಚಹಾ ತರಿಸಿ, ತಮ್ಮ ಮೊಬೈಲನ್ನು ನನ್ನ ಕಡೆ ತಿರುಗಿಸಿ ಒಂದು ಪಟ್ಟಿ ತೋರಿಸಿದರು. ಅದರಲ್ಲಿ ಅವರ ಹೆಸರು ಕೆಂಪು ಬಣ್ಣದಲ್ಲಿತ್ತು. ‘ನಿಲ್ಲಿಸುತ್ತೇನೆ ಎಂದು ಹೇಳಲಾರೆ, ನೋಡೋಣ’ ಎಂದರು. ಆ ವಾರ ಗುಂಪಿನಲ್ಲಿ ಪಟ್ಟಿ ಬರಲಿಲ್ಲ, ನಂತರದ ಸೋಮವಾರ ಮತ್ತೆ ಬಂತು.

ಲೈನ್ 6 ಅಕ್ಕಾ, ದಿನ ಗೊತ್ತುಮಾಡಿದ್ದೇನೆ. ವಕೀಲರ ಲೆಕ್ಕದಂತೆ ಹತ್ತು ದಿನ ಹೆಚ್ಚಿಗೆ ಇಟ್ಟುಕೊಂಡು, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹೆಂಡತಿಯೇ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾಳೆ. ಅದನ್ನು ಹಾಕಿದ ರಾತ್ರಿ ಚೆನ್ನಾಗಿ ನಿದ್ದೆ ಬಂತು ಎಂದು ಬರೆಯಬೇಕೆಂಬ ಆಸೆಯಿತ್ತು, ಬರಲಿಲ್ಲ. ನಾಲ್ಕನೇ ರಾತ್ರಿ ಬಂತು. 14416ಕ್ಕೂ ಕರೆ ಮಾಡಿದೆ ಮೇಡಂ, ಅರ್ಧ ಗಂಟೆ ಕೇಳಿಸಿಕೊಂಡರು.

ಕಳೆದ ಭಾನುವಾರ ಅಜ್ಜಿಯ ಊರಿಗೆ ಹೋಗಿದ್ದೆ. ಕಟ್ಟೆಯ ಮೇಲೆ ಕುಳಿತು ಮೊಮ್ಮಗನ ಕೈಯಲ್ಲಿ ದೂರಿನ ಪತ್ರ ಬರೆಸಿದೆ, ಮಾರಿದವರು ಯಾರು ಎಂಬ ಜಾಗ ಬಂದಾಗ ಹುಡುಗ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ, ನಾನು ಹೆಸರು ಹೇಳಿದೆ, ಅವನು ಬರೆದುಕೊಂಡ. ಅಜ್ಜಿ ಬೈಯಲಿಲ್ಲ. ‘ರೊಟ್ಟಿ ಉಂಡು ಹೋಗು’ ಎಂದರು. ನಾಳೆ ಆ ಪತ್ರವನ್ನು ಅವರು ನಮ್ಮ ಶಾಖೆಗೇ ತಂದು ಕೊಡುತ್ತಾರೆ. ಬೇರೆ ಏನಾದರೂ ಮಾಡಬೇಕೇ?

ಉತ್ತರ: ಧಾರವಾಡದ ವಕೀಲ

ಎರಡು ಪ್ರತಿ ತರಲು ಹೇಳಿ. ಒಂದರ ಮೇಲೆ ಶಾಖೆಯ ಮುದ್ರೆ, ದಿನಾಂಕ ಮತ್ತು ಸಹಿ ಹಾಕಿಸಿಕೊಂಡು ಅಜ್ಜಿ ಮನೆಗೆ ಒಯ್ಯಬೇಕು. ಆ ಪತ್ರವನ್ನು ಸ್ವೀಕರಿಸುವವರು ನೀವಾಗಿರಬಾರದು, ಬೇರೆ ಸಹೋದ್ಯೋಗಿಯಾಗಿರಲಿ.